ಗೋಡೆ ಕಳಚಿದ ಜೀವಕೋಶಗಳು

ತಂಗೀ,

ನೀನು ತೀರಿಹೋದ ಮೇಲೆ ನಿನಗೆ ಕಾಗದ ಬರೆಯುವುದು ಹುಚ್ಚೇ ಸರಿ. ಆದರೆ ಇವತ್ತಿನ ಸಿಟ್ಟನ್ನು ಇನ್ಯಾರ ಮೇಲೆ ಕಾರಲಿ? ನಿನ್ನ ಮಗಳ ಪ್ರಯೋಗಶಾಲೆಗೆ ಹೋಗಿದ್ದೆ. ಡಾಕ್ಟರೇಟ್ ಮುಗಿಸಿಯೂ ಇನ್ನೊಬ್ಬರ ಕೈಕೆಳಗೇ ಸಂಶೋಧನೆ ಮಾಡುತ್ತಿದ್ದಾಳೆ. ಗಿಡದ ಬೇರಿನ ಜೀವಕೋಶಗಳ ಗೋಡೆ ಕರಗಿಸಿ, ಒಂದೊಂದನ್ನೂ ಬಿಡಿಸಿ ನೋಡುವ ಕೆಲಸ. ಹಳ್ಳಿ ಶಾಲೆಯಲ್ಲಿ ಮೇಷ್ಟ್ರ ಲೆಕ್ಕವನ್ನೇ ತಿದ್ದಿದವನು ನಾನು, ಒಂದೇ ಸಲಕ್ಕೆ ಅರ್ಥವಾಯಿತು: ಗೋಡೆ ಹೋದ ಜೀವಕೋಶ ಬಹಳ ಹೊತ್ತು ಬಾಳುವುದಿಲ್ಲ, ಬೇಗ ಅವನ್ನು ಬಿಡಿಬಿಡಿಯಾಗಿ ಪರೀಕ್ಷಿಸುವ ಯಂತ್ರಕ್ಕೆ ಹಾಕಬೇಕು.

ಹಲವರು ಹಂಚಿಕೊಳ್ಳುವ ಆ ಯಂತ್ರದ ಸರದಿ ಇವತ್ತು ಅವಳದು. ಅಷ್ಟರಲ್ಲಿ ಅವಳ ಪ್ರೊಫೆಸರ್ ಅತಿಥಿಗಳನ್ನು ಕರೆತಂದು, ಯಂತ್ರದ ಮುಂದೆ ಮದುವೆ ಗಂಡಿನಂತೆ ನಿಂತು ಭಾಷಣ ಶುರುಮಾಡಿದ. ಇವಳು ಜೀವಕೋಶಗಳನ್ನಿಟ್ಟ ಮಂಜುಗಡ್ಡೆಯ ಡಬ್ಬಿ ಹಿಡಿದು ಮೂಲೆಯಲ್ಲಿ ನಿಂತಳು.

"ಸ್ವಾಮಿ, ನಿಮ್ಮ ಅತಿಥಿಗಳು ಕಾಯ್ತಾರೆ, ಇದು ಕಾಯಲ್ಲ," ಎಂದೆ.

"ಮಾವ, ನೀವು ಹೊರಗೆ ಕೂತ್ಕೊಳ್ಳಿ," ಎಂದಳು ನಿನ್ನ ಮಗಳೇ!

ಅವರು ಹೋದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲವೂ ಒಡೆದುಹೋಗಿದ್ದವು. ಮುಂದಿನ ಸರದಿ ಬರುವಷ್ಟರಲ್ಲಿ ಅವಳ ಕೆಲಸದ ಅವಧಿಯೇ ಮುಗಿದಿರುತ್ತದೆ. ಆ ಮನುಷ್ಯನಿಗೆ ಒಂದು ಮಾತಾದರೂ ಅನ್ನಬಾರದಿತ್ತೇ ಎಂದು ಅವಳನ್ನು ಕೇಳಿದೆ.

"ಹೋಗ್ಲಿ ಬಿಡಿ ಮಾವ," ಎಂದಳು.

ಮೈಯೆಲ್ಲ ಉರಿಯಿತು. ಗಂಡನ ಮನೆಯ ಬಾಗಿಲಲ್ಲಿ ನಿಂತು ನೀನೂ ಇದನ್ನೇ ಹೇಳಿ, ನಿನ್ನ ಪರ ಜಗಳಕ್ಕೆ ಬಂದ ನನ್ನನ್ನು ವಾಪಸ್ ಕಳಿಸುತ್ತಿದ್ದೆ. ನಾಳೆ ಬೆಳಿಗ್ಗೆ ಆ ಪ್ರೊಫೆಸರನ ಕೋಣೆಗೆ ಹೋಗುತ್ತೇನೆ. ನಿನ್ನ ಮಗಳು ಬೇಡವೆಂದರೂ ಹೋಗುತ್ತೇನೆ.