ಅಕ್ಕನ ಹಂಚಿಗೊಂದು ಬರ್ನರ್

ಹಿದಾರ್ ತಿಂಗಳ 9, ಸೋಮವಾರ

ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಗಿರಣಿಯ ಶಾಫ್ಟ್ ಮುಗಿಸಿದೆ. ಎರಡು ಗೇಟು ಇನ್ನೂ ಬಾಕಿ. ಮಧ್ಯಾಹ್ನ ವುಬಿತ್ ಅಕ್ಕನನ್ನು ಅಸೆಲ್ಲಾ ಪಟ್ಟಣಕ್ಕೆ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರೆಪ್ಪೆಯ ಆಪರೇಷನ್ ಆದ ಮೇಲೆ ಇದು ಮೂರನೇ ಸಲ. ಡಾಕ್ಟರಿಗೆ ಇನ್ನೂ ಚಿಕ್ಕ ವಯಸ್ಸು, ಮಾತು ಮಾತ್ರ ಕಡ್ಡಿ ಮುರಿದ ಹಾಗೆ.

"ಅಮ್ಮಾ, ಸೌದೆ ಒಲೆ ಹೊಗೆ ಬಿಡಬೇಕು. ಇಲ್ಲಾಂದ್ರೆ ಎಡಗಣ್ಣು ಉಳಿಸೋಕೆ ನನ್ನ ಕೈಲಾಗಲ್ಲ."

"ಹೊಗೆ ಬಿಟ್ರೆ ದಿನಾ ಅರವತ್ತು ಇಂಜೇರಾ ಯಾರು, ನಿಮ್ಮಪ್ಪ ಬೇಯಿಸ್ತಾನಾ?" ಅಂದಳು ಅಕ್ಕ.

ಡಾಕ್ಟರಿಗೆ ನಗು ಬಂತು. ನನಗೆ ಬರಲಿಲ್ಲ.

ಬಸ್ಸಿನಲ್ಲಿ ಕಣ್ಣಿಗೆ ಬಟ್ಟೆ ಒತ್ತಿಕೊಂಡೇ ಕೂತಿದ್ದಳು. ಅಮ್ಮ ಸತ್ತಾಗ ನನಗೆ ಆರು, ಅವಳಿಗೆ ಹದಿನಾಲ್ಕು. ಆ ಹೊಗೆಯಲ್ಲೇ ನನ್ನನ್ನು ಸಾಕಿದ್ದು.

ಅಕ್ಕನ ಕೊಟ್ಟಿಗೆಯಲ್ಲಿ ಎರಡು ಹಸು. ಹಿತ್ತಿಲಲ್ಲಿ ಗೋಬರ್ ಗ್ಯಾಸಿನ ಗುಂಡಿ. ಕಾಫಿಗೆ, ಬೇಳೆಗೆ ಅದೇ ಗ್ಯಾಸು. ಹುಳಿ ಹಿಟ್ಟಿನ ಅಗಲ ರೊಟ್ಟಿ ಇಂಜೇರಾಕ್ಕೆ ಮಾತ್ರ ನೀಲಗಿರಿ ಸೌದೆ. ಅಂಗಡಿಯ ಸ್ಟೌವಿನ ಉರಿ ಮುಷ್ಟಿಯಷ್ಟು, ಅಕ್ಕನ ಮಣ್ಣಿನ ಹಂಚು ತೋಳುದ್ದ. ಅದರ ಮೇಲಿಟ್ಟರೆ ನಡುವೆ ಕರಿ, ಅಂಚಿನಲ್ಲಿ ಹಸಿ ಹಿಟ್ಟು. ಗ್ಯಾಸು ಇದೆ, ಹಂಚು ಇದೆ, ನಡುವೆ ಬರ್ನರ್ ಇಲ್ಲ. ಮೂವತ್ತು ವರ್ಷದಿಂದ ಕಬ್ಬಿಣ ಕೊರೆಯುತ್ತಿದ್ದೇನೆ. ಇಷ್ಟು ದಿನ ಹೊಳೆಯಲಿಲ್ಲವಲ್ಲ... ನಾಚಿಕೆಯಾಗಬೇಕು.

ಹಿದಾರ್ 12, ಗುರುವಾರ

ಅರ್ಧ ಇಂಚಿನ ಪೈಪು, ನಾಲ್ಕು ತೋಳು, ಸಾಲಾಗಿ ತೂತು. ಗ್ಯಾಸು ಚಿಮ್ಮುವ ಹಿತ್ತಾಳೆಯ ಜೆಟ್ ಲೇತಿನಲ್ಲಿ ನಾನೇ ಕಡೆದೆ. ಉರಿ ಬಂತು. ನೀಲಿ. ಕುಣಿಯುವಷ್ಟು ಖುಷಿ.

ಅಕ್ಕ ಹಿಟ್ಟು ಹುಯ್ದು ಮುಚ್ಚಿದಳು. ತೆಗೆದರೆ ಇಂಜೇರಾದ ಹೊಟ್ಟೆಯ ಮೇಲೆ ಕಪ್ಪು ಶಿಲುಬೆ.

"ಎತ್ಕೊಂಡು ಹೋಗಿ ಪಾದ್ರಿಗಳಿಗೆ ಕೊಡು. ಹಬ್ಬದ ದಿನ ಹಂಚ್ತಾರೆ."

ಅದನ್ನೇ ಹರಿದು ತಿಂದೆವು. ಸುಟ್ಟದ್ದು ನನಗೆ, ಹಸಿ ಉಳಿದದ್ದು ಹಸುವಿಗೆ.

ಹಿದಾರ್ 20, ಶುಕ್ರವಾರ

ಪೈಪನ್ನು ಸುರುಳಿಯಾಗಿ ಬಾಗಿಸಿದೆ. ಮೂರು ದಿನದ ಕೆಲಸ. ಜೆಟ್ಟಿನ ಹತ್ತಿರ ಉರಿ ಎದ್ದು ಬುಸುಗುಡುತ್ತದೆ, ಬಾಲದಲ್ಲಿ ಉಸಿರೇ ಇಲ್ಲ. ನಮ್ಮ ಗ್ಯಾಸಿಗೆ ಒತ್ತಡ ಕಡಿಮೆ. ಅಷ್ಟು ದೂರ ನಡೆಯುವ ತ್ರಾಣ ಇಲ್ಲ ಅದಕ್ಕೆ. ಗಾಳಿಯ ಕಿಂಡಿ ಅಗಲ ಮಾಡಿದರೆ ಉರಿ ತೂತು ಬಿಟ್ಟು ಮೇಲೆ ಹಾರಿ ಆರುತ್ತದೆ. ಕಿರಿದು ಮಾಡಿದರೆ ಹಳದಿ, ಮಸಿ.

ಅಕ್ಕ ಹಿಂದೆ ಬಂದು ನಿಂತಳು.

"ಲೋ, ನಾನು ಹಿಟ್ಟು ಹೇಗೆ ಹುಯ್ತೀನಿ ಯಾವತ್ತಾದ್ರೂ ನೋಡಿದ್ಯಾ?"

"ಸುತ್ತಾ."

"ಎಲ್ಲಿಂದ?"

ನಾನು ಗಾಳಿಯ ಕಿಂಡಿ ಸರಿಮಾಡುತ್ತಾ ಕೂತೆ.

"ಅಂಚಿಂದ ಒಳಕ್ಕೆ ಕಣೋ. ಅಂಚು ಕಾದಿರಬೇಕು, ನಡುವೆ ಹದವಾಗಿರಬೇಕು. ನೀನು ನಡುವೆ ಬೆಂಕಿ ಇಟ್ಕೊಂಡು ಕೂತಿದ್ದೀಯ. ಕಣ್ಣಿಲ್ಲದೋಳು ನಾನಾ, ನೀನಾ?"

ಹಿದಾರ್ 27, ಶುಕ್ರವಾರ

ಚಪ್ಪಟೆ ಡಬ್ಬಿ, ಹಂಚಿನಷ್ಟೇ ಅಗಲ. ಕೆಳಗೆ ನಡುವಿನಿಂದ ಗ್ಯಾಸು ಒಳಕ್ಕೆ. ಮೇಲೆ ತಗಡಿನ ಮುಚ್ಚಳ. ನಡುವೆ ಏಳು ತೂತು, ಅಂಚಿನ ಸುತ್ತ ಎಪ್ಪತ್ತು.

ಮೊದಲನೆಯದು ಸೀದಿತು. ಎರಡನೆಯದು ಹರಿದು ಹೋಯಿತು. ಮೂರನೆಯದಕ್ಕೆ ಅಂಚಿನಿಂದ ನಡುವಿನವರೆಗೆ ಸಾವಿರ ಗುಳ್ಳೆಗಳು ಕಣ್ಣು ಬಿಟ್ಟವು. ಅಕ್ಕ ಹಂಚಿನ ಮುಚ್ಚಳ ಹಿಡಿದುಕೊಂಡೇ ನಿಂತುಬಿಟ್ಟಳು. ಹೊಗೆ ಇಲ್ಲ. ಆದರೂ ಕಣ್ಣು ಒರೆಸಿಕೊಂಡಳು.

ತಾಹ್ಸಾಸ್ 3, ಗುರುವಾರ

ನಲವತ್ತೈದಕ್ಕೆಲ್ಲ ಗ್ಯಾಸು ಸೊರಗುತ್ತದೆ, ಮಿಕ್ಕದ್ದನ್ನು ಸಂಜೆ ಬೇಯಿಸಿ ದಿನಕ್ಕೆ ಅರವತ್ತು ಆಗುತ್ತಿದೆ. ಎಡಗಣ್ಣಿನ ಕೆಂಪು ಇಳಿದಿದೆ. ಅಕ್ಕನ ಇಂಜೇರಾ ಕೊಳ್ಳುವ ಹೋಟೆಲಿನ ಜೆನೆಬು ಬಂದು ನೋಡಿ ತನಗೂ ಒಂದು ಬೇಕೆಂದಳು. "ನನ್ ತಮ್ಮ ಮಾಡಿದ್ದು," ಎಂದು ಅಕ್ಕ ಬೀದಿಯಲ್ಲೆಲ್ಲ ಹೇಳುತ್ತಿದ್ದಾಳೆ. ಚಿಕ್ಕಂದಿನಲ್ಲಿ ನಾನು ಕಬ್ಬಿಣದ ಕೆಲಸಕ್ಕೆ ಸೇರಿದಾಗ ಮೂರು ದಿನ ಊಟ ಬಿಟ್ಟಿದ್ದವಳು ಇವಳೇ. ಆಗೆಲ್ಲ ಕಬ್ಬಿಣ ಮುಟ್ಟುವವನಿಗೆ ಹೆಣ್ಣು ಕೊಡುತ್ತಿರಲಿಲ್ಲ. ಎರಡು ಮನೆಯವರು ಮಾತು ಕೊಟ್ಟು ಹಿಂದೆ ಸರಿದರು. ಆಮೇಲೆ ನಾನೂ ಕೇಳುವುದು ಬಿಟ್ಟೆ.

ತಾಹ್ಸಾಸ್ 22, ಮಂಗಳವಾರ

ಬೆಳಿಗ್ಗೆ ಎಂಟಕ್ಕೆ ಬರ್ನರ್ ಒಳಗೆ 'ಧಡ್' ಎಂದಿತು. ಹಂಚಿನ ಮುಚ್ಚಳ ಎದ್ದು ಬಿತ್ತು. ಅಕ್ಕನ ಬಲ ಹುಬ್ಬು ಸುಟ್ಟಿದೆ, ಮುಂಗೂದಲು ಸುಟ್ಟಿದೆ. ಕಣ್ಣಿಗೆ ಏನೂ ಆಗಿಲ್ಲ. ದೇವರು ದೊಡ್ಡವನು.

ಬಿಚ್ಚಿ ನೋಡಿದೆ. ಒಳಗೆಲ್ಲ ತುಕ್ಕು, ಒಣ ಎಲೆಯ ಹಾಗೆ ಪದರ ಪದರ. ಅರ್ಧ ತೂತು ಕಟ್ಟಿವೆ. ಉರಿ ಹಿಂದಕ್ಕೆ ಒಳಹೊಕ್ಕಿದೆ. ಗೋಬರ್ ಗ್ಯಾಸು ಕಬ್ಬಿಣವನ್ನು ತಿನ್ನುತ್ತದೆ ಎಂದು ಗೊತ್ತಿತ್ತು. ಇಷ್ಟು ಬೇಗ ತಿನ್ನುತ್ತದೆ ಎಂದು ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು.

ತಾಹ್ಸಾಸ್ 24, ಗುರುವಾರ

ಅಕ್ಕ ಮತ್ತೆ ಸೌದೆ ಹೊತ್ತಿಸಿದಳು. ಬೀದಿಯ ತುದಿಯಿಂದಲೇ ಹೊಗೆ ಕಂಡಿತು. ಒಳಗೆ ಹೋಗಲಿಲ್ಲ. ವಾಪಸ್ ಬಂದೆ.

ತಾಹ್ಸಾಸ್ 29

ಕ್ರಿಸ್ತಜಯಂತಿ. ಅಕ್ಕನ ಮನೆಯಲ್ಲಿ ಊಟ. ಹುಬ್ಬಿಲ್ಲದ ಜಾಗಕ್ಕೆ ಒಲೆಯ ಮಸಿಯಿಂದ ಗೆರೆ ಎಳೆದುಕೊಂಡಿದ್ದಳು. "ಹೇಗಿದೆ? ಮದುವೆ ಹೆಣ್ಣಿನ ಥರ ಇಲ್ವಾ?" ನನ್ನನ್ನು ನಗಿಸಲಿಕ್ಕೆ. ನಕ್ಕೆ.

ತಿರ್ 2, ಶುಕ್ರವಾರ

ಅಕ್ಕನ ಹಳೆಯ ಹಂಚು ಸೀಳು ಬಿಟ್ಟಿದೆ. ಹೊಸ ಹಂಚು ಹೊತ್ತು ಗುಡ್ಡದ ಆಚೆಯಿಂದ ವೊಲೆಲಾ ಬಂದಳು. ಇಪ್ಪತ್ತು ವರ್ಷದಿಂದ ಅಕ್ಕನಿಗೆ ಹಂಚು ಮಾಡಿಕೊಡುವವಳು. ಇಪ್ಪತ್ತು ವರ್ಷವೂ ಗೇಟಿನ ಹೊರಗೇ ನಿಂತವಳು. ಮಣ್ಣಿನ ಕೆಲಸದವರನ್ನು ನಮ್ಮಲ್ಲಿ ಯಾರೂ ಒಳಗೆ ಕರೆಯುವುದಿಲ್ಲ. ಅವರ ಕಣ್ಣು ಬಿದ್ದರೆ ಅನ್ನ ಕೆಡುತ್ತದಂತೆ. ಆದರೆ ಅವರು ಮಾಡಿದ ಹಂಚು ಬೇಕು.

ಗೇಟಿನ ಪಕ್ಕ ಬಿಸಾಡಿದ್ದ ನನ್ನ ಬರ್ನರನ್ನು ಎತ್ತಿ, ತಿರುಗಿಸಿ, ಉಗುರಿನಿಂದ ತುಕ್ಕು ಕೆರೆದಳು.

"ಮೇಸ್ತ್ರೀ, ಇದು ನೀವು ಮಾಡಿದ್ದಾ?"

"ಹೂಂ. ಕೆಟ್ಟುಹೋಯ್ತು."

"ಕೆಟ್ಟಿಲ್ಲ. ಕಬ್ಬಿಣದಲ್ಲಿ ಮಾಡಿದ್ರಿ, ಅಷ್ಟೇ. ಹಂಚಿನ ಕೆಳಗೆ ಹಂಚೇ ಇಡಬೇಕಿತ್ತು. ಮಣ್ಣಿಗೆ ತುಕ್ಕು ಹಿಡಿದಿದ್ದು ಯಾವತ್ತಾದ್ರೂ ಕಂಡಿದ್ದೀರಾ?"

ಹೊರಟು ಹೋದಳು. ನಾನು ಗೇಟು ಹಿಡಿದು ನಿಂತೇ ಇದ್ದೆ. ಅಕ್ಕ ಒಳಗಿನಿಂದ, "ಗೇಟು ಕಿತ್ಕೊಂಡು ಹೋಗ್ತೀಯೇನೋ?" ಅಂದಳು.

ತಿರ್ 5, ಸೋಮವಾರ

ವೊಲೆಲಾಳ ಅಂಗಳದಲ್ಲಿ ಮಣ್ಣಿನ ಬರ್ನರಿನ ಕೆಲಸ. ಒಂಟಿ ಮನೆ. ಗಂಡ ತೀರಿ ಹನ್ನೊಂದು ವರ್ಷವಂತೆ. ನಾನು ಅಳತೆಪಟ್ಟಿ ತೆಗೆದರೆ ಅವಳು ಗೇಣು ಹಾಕುತ್ತಾಳೆ. ಕೊನೆಗೆ ನೋಡಿದರೆ ಎರಡೂ ಒಂದೇ.

ನಾನು ಡ್ರಿಲ್ ಬಿಟ್ ತಂದಿದ್ದೆ. ಕೈಗೆ ತೆಗೆದುಕೊಂಡು ನಗಾಡಿದಳು. ಗೋಧಿ ಹುಲ್ಲಿನ ಕಡ್ಡಿ ತುಂಡು ಮಾಡಿ ಹಸಿ ಮಣ್ಣಿಗೆ ಒಂದೊಂದಾಗಿ ಚುಚ್ಚಿ ಅಲ್ಲೇ ಬಿಟ್ಟಳು.

"ತೆಗೆಯಲ್ವಾ?"

"ಯಾಕೆ ತೆಗೀಬೇಕು? ಸುಡುವಾಗ ಅದೇ ಸುಟ್ಟು ಹೋಗುತ್ತೆ. ತೂತು ಉಳಿಯುತ್ತೆ."

ಮಣ್ಣು ಸುಟ್ಟಾಗ ಕುಗ್ಗುತ್ತದೆ, ತೂತೂ ಕುಗ್ಗುತ್ತದೆ, ಅದಕ್ಕೇ ದಪ್ಪ ಕಡ್ಡಿ ಆರಿಸಿದ್ದಾಳೆ. ನಾನು ಕಾಗದದಲ್ಲಿ ಲೆಕ್ಕ ಹಾಕಿ ಹೇಳುವಷ್ಟರಲ್ಲಿ ಮೂವತ್ತು ಚುಚ್ಚಿ ಆಗಿತ್ತು.

ಕೆಳಗೆ ತಟ್ಟೆ, ಮೇಲೆ ಮುಚ್ಚಳ. ಒಡೆದರೆ ಮುಚ್ಚಳ ಮಾತ್ರ ಬದಲಿಸಿದರಾಯಿತು. ಲೋಹವೆಂದರೆ ಜೆಟ್ ಒಂದೇ.

ಕಾಫಿ ಮಾಡಿದಳು. ಲೋಟ ನನ್ನ ಮುಂದಿಟ್ಟು ದೂರ ಸರಿದು ಬೇರೆ ಕಡೆ ನೋಡುತ್ತಾ ಕೂತಳು. ಕುಡಿಯದಿದ್ದರೆ ನನಗೆ ಮುಜುಗರ ಆಗದಿರಲಿ ಎಂದು. ಕುಡಿದೆ. ಎರಡನೆಯ ಲೋಟ ಕೇಳಿದೆ. ಮೂರನೆಯದನ್ನೂ, ಆಶೀರ್ವಾದದ ಲೋಟವನ್ನೂ. ಮೂರನೆಯದರ ಹೊತ್ತಿಗೆ ಇತ್ತ ತಿರುಗಿ ಕೂತಿದ್ದಳು.

ತಿರ್ 15, ಗುರುವಾರ

ಸುಟ್ಟದ್ದು ಒಡೆದಿದೆ. ಜೆಟ್ಟಿನ ಕೊಳವೆ ತಟ್ಟೆಗೆ ಸೇರುವಲ್ಲಿ ಬಿರುಕು. ನಾನು ಬೂದಿಯ ಮುಂದೆ ತಲೆ ಹಿಡಿದು ಕೂತೆ.

"ಯಾರಾದ್ರೂ ಸತ್ರಾ ಮೇಸ್ತ್ರೀ? ಮಣ್ಣು ಅಂದ್ಮೇಲೆ ಒಡೆಯುತ್ತೆ. ನಿಮ್ಮಕ್ಕನ ಹಳೇ ಹಂಚು ಇದ್ಯಲ್ಲ, ಅದನ್ನ ತನ್ನಿ."

ತಂದೆ. ಕುಟ್ಟಿ ಪುಡಿ ಮಾಡಿದೆವು. ಒಮ್ಮೆ ಬೆಂಕಿ ಕಂಡ ಮಣ್ಣನ್ನು ಹೊಸ ಮಣ್ಣಿಗೆ ಬೆರೆಸಿದರೆ ಬಿರಿಯುವುದಿಲ್ಲವಂತೆ. ಕುಟ್ಟುವ ಕೆಲಸ ನನ್ನದು, ಜರಡಿ ಅವಳದು. ಸಂಜೆಗೆ ಹಂಚಿನ ದೂಳಿಗೆ ಇಬ್ಬರ ರೆಪ್ಪೆಯೂ ಕೆಂಪು. ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಎಷ್ಟು ಹೊತ್ತು ಎಂದು ಗೊತ್ತಿಲ್ಲ.

ಲೇತಿನ ಕೆಲಸ ಬಾಕಿ ಬಿದ್ದಿದೆ. ಬೀಳಲಿ.

ತಿರ್ 28, ಬುಧವಾರ

ಇಡಿಯಾಗಿ ಬಂತು! ಬೆರಳಿನಿಂದ ತಟ್ಟಿದರೆ ಗಂಟೆಯ ಸದ್ದು.

ಅಕ್ಕನ ಒಲೆಗೆ ಕೂರಿಸಿದೆ. ಗೇಟಿನ ಹೊರಗೆ ನಿಂತಿದ್ದ ವೊಲೆಲಾ ಕತ್ತು ಚಾಚಿ ಕೂಗಿ ಹೇಳುತ್ತಿದ್ದಳು: "ಮೊದಲು ಸಣ್ಣ ಉರಿ! ಸಣ್ಣ ಉರಿ ಮೇಸ್ತ್ರೀ!" ನೀಲಿ ಉರಿ ಅಂಚಿನ ಸುತ್ತ ಪುಟ್ಟ ಹಲ್ಲುಗಳ ಹಾಗೆ ಹತ್ತಿಕೊಂಡಿತು. ಮಣ್ಣು ಕಾದ ಮೇಲೆ ಉರಿ ಕಡಿಮೆ ಮಾಡಿದರೂ ಇಂಜೇರಾ ಬೇಯುತ್ತದೆ. ಕಬ್ಬಿಣದ ಬರ್ನರಿಗೆ ನಲವತ್ತೈದಕ್ಕೆಲ್ಲ ಗ್ಯಾಸು ಸೊರಗುತ್ತಿತ್ತು. ಇವತ್ತು ಅರವತ್ತು ಆದ ಮೇಲೆ ಕಾಫಿಗೂ ಮಿಕ್ಕಿತ್ತು.

ಅಕ್ಕ ಮೊದಲ ಇಂಜೇರಾ ಮಡಚಿ ನನ್ನ ಕೈಗಿತ್ತಳು. "ಗೇಟಿನ ಹತ್ರ ಕೊಟ್ಟು ಬಾ." ಒಳಗೆ ಕರೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಹೇಡಿ ನಾನು.

ಯೆಕಾತಿತ್ 3, ಸೋಮವಾರ

ಜೆನೆಬು ಬಂದಿದ್ದಳು. ಇಂಜೇರಾ ಬುಟ್ಟಿ ಮುಟ್ಟಲಿಲ್ಲ.

"ವುಬಿತ್, ಬೇಜಾರು ಮಾಡ್ಕೋಬೇಡ. ಆ ಹೆಂಗಸಿನ ಕೈ ನಿನ್ನ ಒಲೆ ಒಳಗೇ ಇದ್ಯಂತೆ. ನನ್ನ ಹೋಟೆಲಿಗೆ ಹತ್ತು ಥರದ ಜನ ಬರ್ತಾರೆ. ಅದನ್ನ ತೆಗೆದು ಸೌದೆ ಹಾಕು, ನಾಳೆಯಿಂದ ಮತ್ತೆ ತಗೊಂಡು ಹೋಗ್ತೀನಿ."

ಅಕ್ಕ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದಳು. ಅರವತ್ತು ಇಂಜೇರಾ ಬುಟ್ಟಿಯಲ್ಲೇ ಉಳಿಯಿತು. ಜೆನೆಬು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

"ವೊಲೆಲಾ ಮನೇಲಿ ಕಾಫಿ ಕುಡಿದ್ಯಂತೆ."

"ಕುಡಿದೆ."

"ಎಷ್ಟು ಲೋಟ?"

"ಮೂರೂ."

"ಮೂರೂ!" ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎಡಗಣ್ಣು ಹೋದರೂ ಅಕ್ಕ ಸೌದೆಯನ್ನೇ ಹೊತ್ತಿಸಿಯಾಳು ಎಂದು ಭಯ. ಇನ್ನೊಂದು ಭಯವೂ ಇದೆ. ಅದನ್ನು ಇಲ್ಲಿ ಬರೆಯಲಾರೆ.

ಯೆಕಾತಿತ್ 6, ಗುರುವಾರ

ಎರಡು ದಿನ ಅಕ್ಕನ ಮನೆ ಕಡೆ ಹೋಗಿರಲಿಲ್ಲ. ಇವತ್ತು ಮಧ್ಯಾಹ್ನ ಅವಳೇ ವರ್ಕ್‌ಶಾಪಿಗೆ ಬಂದಳು. "ಎದ್ದು ಬಾ. ಊಟಕ್ಕೆ."

ಜೊತೆಗೆ ನಡೆದೆ. ದಾರಿಯಲ್ಲಿ ಜೆನೆಬುವಿನ ಹೋಟೆಲು. ಅಕ್ಕ ನಿಂತಳು. ಜಗಲಿಯ ತುಂಬ ಜನ.

"ಜೆನೆಬೂ! ಇಪ್ಪತ್ತು ವರ್ಷದಿಂದ ನಿನ್ನ ಗಿರಾಕಿಗಳು ತಿಂದ ಇಂಜೇರಾ ಬೆಂದಿದ್ದು ವೊಲೆಲಾ ಹಂಚಿನ ಮೇಲೆ. ಯಾರ ಹೊಟ್ಟೆ ಕೆಟ್ಟಿತ್ತು, ಕೈ ಎತ್ತೋಕೆ ಹೇಳು. ಹಂಚಿನ ಮೇಲಾದ್ರೆ ಸರಿ, ಕೆಳಗಾದ್ರೆ ಮೈಲಿಗೇನಾ? ನನ್ನ ಕಣ್ಣು ಉಳಿಸಿದ್ದು ಅವಳ ಕೈ. ಬೇಕಾದ್ರೆ ತಗೋ, ಬೇಡಾಂದ್ರೆ ಬಿಡು. ಸೌದೆ ಮಾತ್ರ ನಾನು ಹಚ್ಚಲ್ಲ."

ಯಾರೂ ಕೈ ಎತ್ತಲಿಲ್ಲ. ಮುದುಕರೊಬ್ಬರು ನಕ್ಕರು. ಜೆನೆಬು ಏನೋ ಗೊಣಗಿದಳು, ಕೇಳಲು ಅಕ್ಕ ನಿಲ್ಲಲಿಲ್ಲ.

ಮನೆಗೆ ಹೋದರೆ ಗೇಟಿನ ಹೊರಗೆ ವೊಲೆಲಾ. ಅಕ್ಕನೇ ಹೇಳಿ ಕಳಿಸಿದ್ದಳಂತೆ. ಬರ್ನರ್ ವಾಪಸ್ ಒಯ್ಯಲು ಕರೆದಿರಬೇಕೆಂದು ಗೋಣಿಚೀಲ ತಂದಿದ್ದಳು.

"ಚೀಲ ಯಾಕೆ?" ಅಕ್ಕ ಕಿತ್ತುಕೊಂಡು ಗೋಡೆಯ ಮೇಲೆಸೆದಳು. "ಬಾರೇ ಒಳಗೆ."

ವೊಲೆಲಾ ಅಲ್ಲಾಡಲಿಲ್ಲ. "ಬೇಡಕ್ಕಾ. ಆಮೇಲೆ ನಿಮಗೇ..."

"ನನ್ನ ಹೊಸ್ತಿಲು ಕಣೆ ಇದು. ಅದರ ಮೇಲೆ ಯಾರು ಕಾಲಿಡಬೇಕು ಅಂತ ನಾನು ಹೇಳ್ತೀನಿ."

ಒಂದೇ ತಟ್ಟೆ, ಮೂವರು. ಕೋಳಿ ಸಾರು. ವೊಲೆಲಾ ತನ್ನ ಕಡೆಯ ಅಂಚನ್ನಷ್ಟೇ ಚೂರು ಚೂರು ಮುರಿಯುತ್ತಿದ್ದಳು. ಅಕ್ಕ ದೊಡ್ಡ ತುತ್ತು ಸುತ್ತಿ ಅವಳ ಬಾಯಿಯ ಹತ್ತಿರ ಹಿಡಿದಳು. ಕೈತುತ್ತು! ವೊಲೆಲಾ ಬಾಯಿ ತೆರೆದಳು. ಅಗಿಯಲಾಗದೆ ಹಾಗೇ ಕೂತಳು, ಕಣ್ಣಲ್ಲಿ ನೀರು.

"ನುಂಗೇ, ಸಿಕ್ಕೊಂಡೀತು," ಎಂದು ಅಕ್ಕ ನನ್ನ ಕಡೆ ನೋಡಿದಳು. "ನೀನೇನು ಮಿಕಮಿಕ ನೋಡ್ತಿದ್ದೀಯ? ಒಂದೇ ತುತ್ತು ಕೊಟ್ರೆ ಜಗಳ ಆಗುತ್ತೆ, ಮೂರಾದ್ರೆ ನಂಟು. ಎರಡನೇದು ನೀನು ಕೊಡು."

ಕೊಟ್ಟೆ. ಸಾರು ಅವಳ ಗಲ್ಲಕ್ಕೆ ಸೋರಿತು.

"ಮೂರನೇದು?" ಎಂದು ಕೇಳಿದವಳು ವೊಲೆಲಾ. ತಲೆ ತಗ್ಗಿಸಿಕೊಂಡೇ.

ಅಕ್ಕ ನಕ್ಕಳು ನೋಡು... ಹುಬ್ಬು ಅರ್ಧ ಬೆಳೆದ ಆ ಮುಖದಲ್ಲಿ. "ಮೂರನೇದು ಇವನೇ ನಿನ್ನ ಮನೆಗೆ ತರ್ತಾನೆ. ನಾಳೆ."

ಯೆಕಾತಿತ್ 7, ಶುಕ್ರವಾರ, ಬೆಳಿಗ್ಗೆ

ಶೇವ್ ಆಯಿತು. ಎರಡು ಕಡೆ ಕೊಯ್ದುಕೊಂಡೆ. ಬಿಳಿ ಅಂಗಿ. ಶುಕ್ರವಾರದ ಉಪವಾಸ, ಹಾಗಾಗಿ ಡಬ್ಬಿಯಲ್ಲಿ ಬೇಳೆ, ಮೇಲೆ ನಾಲ್ಕು ಇಂಜೇರಾ. ಅಕ್ಕ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ: "ಬರೆಯೋದು ಆಮೇಲೆ ಬರಿ, ಆರಿ ಹೋಗುತ್ತೆ!" ದಾರಿಯಲ್ಲಿ ಮಾತು ಮರೆತೀತು ಎಂದು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ. ಮೊದಲು ಬರ್ನರ್ ವಿಷಯ ಎತ್ತಬೇಕು. ಜೆನೆಬು ಇವತ್ತು ಬುಟ್ಟಿ ಒಯ್ದಳು, ಅದನ್ನು ಹೇಳಬೇಕು. ಆಮೇಲೆ, ಅವಳು ಇತ್ತ ತಿರುಗಿ ಕೂತ ಮೇಲೆ, ನೇರವಾಗಿ, ವೊಲೆಲಾ, ನಾನು —