ಒಂದು ಒಲೆ, ಇಬ್ಬರು ನೆಗೆಣ್ಣಿಯರು

ಬಿಸಿಲುತಿಂಗಳ ತೊಂಬತ್ತೊಂದನೆಯ ದಿನ, ೨೧೯೩

ಪ್ರೀತಿಯ ದಾಕ್ಷಾಯಣಿ ಆಯಿ,

ತಿಂಗಳಿಗೆ ತೊಂಬತ್ತೊಂದು ದಿನವೇ ಎಂದು ಮೊದಲ ಸಾಲಿಗೇ ನೀವು ಹುಬ್ಬೇರಿಸುತ್ತೀರಿ. ನಮ್ಮ ಬೇಸಿಗೆ ಉದ್ದವಾಯಿತು. ಅದನ್ನು ತುಂಡು ಮಾಡಿ ಬೇರೆ ಬೇರೆ ಹೆಸರು ಹಿಡಿದು ಕರೆಯಲು ಬೇಸರವಾಗಿ ಇಡಿಯಾಗಿ ಒಂದೇ ತಿಂಗಳು ಮಾಡಿಕೊಂಡೆವು. ಮುಂದೆಯೂ ಕೆಲವು ಮಾತು ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಆಯಿ ಎಂದದ್ದಕ್ಕೂ ಕ್ಷಮೆ ಇರಲಿ. ನೀವು ನನಗಿಂತ ಆರು ತಲೆಮಾರು ಹಿಂದಿನವರು ನಿಜ, ಆದರೆ ಈ ಪತ್ರ ತಲುಪುವ ದಿನ ನಿಮಗೆ ಮೂವತ್ತೊಂದು, ನನಗೆ ನಲವತ್ತೆಂಟು.

ನೀವು ಕಲ್ಯಾಣ ಇಲಾಖೆಯ ಯೋಜನಾ ವಿಭಾಗದಲ್ಲಿ ವಿಧವಾ ವೇತನ, ವೃದ್ಧಾಪ್ಯ ವೇತನಗಳ ಕಡತ ನೋಡುತ್ತೀರಿ. ನಾನೂ ಅದೇ ಕೆಲಸದವಳು. ಅವೆಲ್ಲವನ್ನೂ ಕೂಡಿಸಿ ನಾವು ಅನ್ನಪಾಲು ಎನ್ನುತ್ತೇವೆ. ಅದರ ನಿಯಮಗಳನ್ನು ಬರೆಯುವ ಯೋಜನಾಕಟ್ಟೆಯಲ್ಲಿ ನನ್ನದೊಂದು ಮಣೆ ಇದೆ. ಬೆಳಗ್ಗೆ ಐದಕ್ಕೆ ಕಚೇರಿ ತೆರೆದು ಒಂಬತ್ತಕ್ಕೆ ಮುಚ್ಚುತ್ತೇವೆ. ಆಮೇಲೆ ಬಿಸಿಲು ತಾಳದೆ ಮಲಪ್ರಭೆಯ ದಂಡೆಯ ಊರುಗಳೆಲ್ಲ ನೆಲದಡಿಯ ನೆಲಮನೆಗೆ ಇಳಿಯುತ್ತವೆ. ಮಗ್ಗಗಳು ಅಲ್ಲೇ, ಶಾಲೆ ಅಲ್ಲೇ. ಮುದುಕಿಯರು ಖಣದ ಅಂಚು ನೋಡುತ್ತ, ಎದುರಿಗಿಲ್ಲದವರನ್ನು ಆಡಿಕೊಳ್ಳುವುದೂ ಅಲ್ಲೇ. ಹೊತ್ತು ಇಳಿದ ಮೇಲೆ ಮೇಲಕ್ಕೆ ಬಂದು ಬಾಗಿಲಿಗೆ ಒಂದು ತಂಬಿಗೆ ನೀರು ಹಾಕುತ್ತೇವೆ, ಅಷ್ಟಕ್ಕೇ ಮನಸ್ಸು ತಂಪಾಗುತ್ತದೆ.

ನಮ್ಮಲ್ಲೊಂದು ಪದ್ಧತಿಯಿದೆ, ಹೊಸ್ತಿಲೋದು. ಅನ್ನಪಾಲಿನ ಯಾವ ಹೊಸ ನಿಯಮವೇ ಆಗಲಿ, ಅದು ಯಾರಿಗೆ ತಟ್ಟುತ್ತದೋ ಅಂಥವರಲ್ಲಿ ಒಬ್ಬರ ಹೊಸ್ತಿಲಲ್ಲಿ ಕೂತು, ಬರೆದವರೇ ಓದಿ ಹೇಳಬೇಕು. ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅವರಾಡಿದ ಮಾತನ್ನು ಇದ್ದಂತೆಯೇ ಕರಡಿನ ಕೊನೆಗೆ ಬರೆಯಬೇಕು. ಕಟ್ಟೆಯವರು ಮೊದಲು ಓದುವುದು ಆ ಕೊನೆಯ ಸಾಲನ್ನೇ.

ಮೂರು ವರ್ಷ ಕೂತು ನಾನೊಂದು ಕರಡು ಬರೆದೆ. ಕಡಲು ಏರಿ ಊರು ಕಳೆದುಕೊಂಡ ಜನ ನಮ್ಮ ಕಡೆ ಬಂದು ಬಿಡಾರ ಹೂಡಿದ್ದಾರೆ. ಅವರನ್ನು ಕಡಲವರು ಎನ್ನುತ್ತೇವೆ. ಅವರಿಗಿನ್ನೂ ಅನ್ನಪಾಲು ಇಲ್ಲ. ಇದ್ದ ಪಾಲುಗಳಲ್ಲೇ ಉಳಿಸಿ ಅವರಿಗೆ ಜಾಗ ಮಾಡಲೆಂದು ನಾನು ಬರೆದದ್ದು ಇಷ್ಟು: ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಕುಟುಂಬ, ಒಂದು ಕುಟುಂಬಕ್ಕೆ ಒಂದು ಅನ್ನಪಾಲು. ಬರೆದಾಗ ಅದು ನನಗೆ ಬಹಳ ನ್ಯಾಯವಾಗಿ ಕಂಡಿತ್ತು.

ಮೊನ್ನೆ ಓದಲು ಹೋದದ್ದು ಫಕೀರವ್ವನ ಮನೆಗೆ. ಎಪ್ಪತ್ತೆಂಟು ವರ್ಷದವಳು. ಜೊತೆಗೆ ಅವಳ ನೆಗೆಣ್ಣಿ ದ್ಯಾಮವ್ವ ಇದ್ದಾಳೆ. ಅಣ್ಣತಮ್ಮಂದಿರಾದ ಗಂಡಂದಿರು ತೀರಿಕೊಂಡು ಎಷ್ಟೋ ಕಾಲವಾಯಿತು, ಇವರು ಮಾತ್ರ ಬೇರೆಯಾಗಲಿಲ್ಲ. ಈಗ ಇಬ್ಬರಿಗೂ ಒಂದೊಂದು ಅನ್ನಪಾಲು ಬರುತ್ತದೆ. ನಾನು ಹೋದಾಗ ದ್ಯಾಮವ್ವ ರೊಟ್ಟಿ ಬಡಿಯುತ್ತಿದ್ದಳು, ಫಕೀರವ್ವ ಬೇಯಿಸುತ್ತಿದ್ದಳು. ದ್ಯಾಮವ್ವನಿಗೆ ಕಣ್ಣು ಮಂಜು, ಹಂಚು ಕಾಣುವುದಿಲ್ಲ. ಫಕೀರವ್ವನಿಗೆ ಮುಂಗೈಯಲ್ಲಿ ಬಲವಿಲ್ಲ, ಹಿಟ್ಟು ಹಿಗ್ಗುವುದಿಲ್ಲ. ಈ ಏರ್ಪಾಡಿನಲ್ಲೂ ಜಗಳ ತಪ್ಪಿರಲಿಲ್ಲ. ರೊಟ್ಟಿ ಸೀಯಿತೆಂದು ಅವಳು, ದಪ್ಪವಾಯಿತೆಂದು ಇವಳು.

ನಾನು ಓದಿದೆ. ಫಕೀರವ್ವ ಒಲೆಯ ಕೆಂಡ ಹಿಂದಕ್ಕೆ ಎಳೆದು, ಕೈ ಒರೆಸಿಕೊಂಡಳು. ಆಮೇಲೆ ಹೇಳಿದಳು:

“ಅಂದ್ರ, ನಾನೂ ಈಕೀನೂ ಬ್ಯಾರೆ ಉಣ್ರಿ ಅಂತ ಸರಕಾರ ಹೇಳಾಕತ್ತೈತಿ.”

ನಾನು ಹಾಗಲ್ಲ ಎಂದು ಬಿಡಿಸಿ ಹೇಳಲು ಹೊರಟೆ. ಹೊಸ್ತಿಲೋದಿನಲ್ಲಿ ಬಿಡಿಸಿ ಹೇಳುವಂತಿಲ್ಲ, ಅಲ್ಲಿಗೇ ನಿಲ್ಲಿಸಿದೆ. ನನ್ನ ದನಿ ಕುಗ್ಗಿದ್ದು ಅವರಿಗೆ ತಿಳಿದಿರಬೇಕು. ದ್ಯಾಮವ್ವ ಸಮಾಧಾನ ಮಾಡಲು ಮುಂದಾದಳು. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಇನ್ನೊಂದು ಒಲೆ ಹೂಡುತ್ತಾರಂತೆ, ಕಟ್ಟೆಯಿಂದ ನಾವು ಒಲೆ ಎಣಿಸಲು ಬಂದಾಗ ಮಾತ್ರ ಹಚ್ಚುತ್ತಾರಂತೆ. ಈ ವಯಸ್ಸಿಗೆ ಸುಳ್ಳು ಹೊಗೆ ಎಬ್ಬಿಸುತ್ತೀಯೇನೇ ಎಂದು ಫಕೀರವ್ವ ಅವಳನ್ನು ಛೇಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಯವ್ವಾ, ನಿನಗ ತ್ರಾಸ ಆಗೂದಿದ್ರ ಬ್ಯಾರೆ ಹೇಳ್ಲೇನು? ಛಲೋ ಐತಿ ಅಂತ ಬರ್ಕೋ.”

ಬರೆದುಕೊಳ್ಳಬಹುದಿತ್ತು. ಹಾಗೆ ಬರೆದಿದ್ದರೆ ಕರಡು ಪಾಸಾಗುತ್ತಿತ್ತು, ಕಡಲವರಿಗೆ ಈ ವರ್ಷವೇ ಅನ್ನಪಾಲು ಸಿಗುತ್ತಿತ್ತು. ಲೇಖನಿ ಹಿಡಿದು ಕೂತೇ ಇದ್ದೆ. ಕೊನೆಗೆ ಅವಳು ಮೊದಲು ಹೇಳಿದ ಮಾತನ್ನೇ ಬರೆದು ಅವಳಿಗೆ ಓದಿ ಕೇಳಿಸಿದೆ. ಅವಳು ತಲೆಯಾಡಿಸಿ ಬಿಸಿ ರೊಟ್ಟಿಯೊಂದನ್ನು ನನ್ನ ಕೈಗಿಟ್ಟಳು. ನಿನ್ನೆ ಕಟ್ಟೆಯಿಂದ ಕರಡು ಹಿಂದಕ್ಕೆ ಬಂತು.

ಆ ‘ಒಂದು ಒಲೆ’ ನನಗೆ ಸಿಕ್ಕಿದ್ದು ಹಳೆಯ ಕಡತವೊಂದರಲ್ಲಿ, ನಿಮ್ಮ ದುಂಡು ಅಕ್ಷರದಲ್ಲಿ. ದೂರುತ್ತಿಲ್ಲ ಆಯಿ. ಅಚ್ಚುಕಟ್ಟಾಗಿದೆ ಎಂದು ಎತ್ತಿಕೊಂಡವಳು ನಾನೇ. ನೀವಿನ್ನೂ ಆ ಸಾಲು ಬರೆದಿಲ್ಲ. ಈ ಪತ್ರ ತಲುಪಿದ ಮುಂದಿನ ಸೋಮವಾರ ನಿಮ್ಮ ಮೇಜಿಗೆ ಒಂದು ಹಾಳೆ ಬರುತ್ತದೆ, ಕುಟುಂಬವೆಂದರೆ ಏನು ಎಂದು ಒಂದು ಸಾಲಿನಲ್ಲಿ ಬರೆಯಲು ಹೇಳುತ್ತಾರೆ. ಮಧ್ಯಾಹ್ನದೊಳಗೆ ಬೇಕು ಎನ್ನುತ್ತಾರೆ. ದಯವಿಟ್ಟು ಇನ್ನೊಂದು ದಿನದ ಸಮಯ ಕೇಳಿಕೊಳ್ಳಿ. ಯಾವುದಾದರೂ ಒಂದು ಮನೆಗೆ ಹೋಗಿ, ಬರೆಯಬೇಕೆಂದಿರುವುದನ್ನು ಓದಿ ಹೇಳಿ, ಅವರು ಏನೆನ್ನುತ್ತಾರೋ ಕೇಳಿಸಿಕೊಳ್ಳಿ. ನಿಮ್ಮ ಕಾಲದಲ್ಲಿ ಈ ಪದ್ಧತಿ ಇಲ್ಲ ಎಂದು ಬಲ್ಲೆ. ಹೋಗಬಾರದೆಂಬ ನಿಯಮವೂ ಇಲ್ಲವಲ್ಲ.

ನಾನು ಒಲೆಯ ಬದಲು ಒಬ್ಬೊಬ್ಬರನ್ನೇ ಎಣಿಸಿ ಹೊಸದಾಗಿ ಬರೆಯಲು ಕೂತಿದ್ದೇನೆ. ಅದು ಮುಗಿಯುವವರೆಗೆ ಕಡಲವರು ಇನ್ನೊಂದು ವರ್ಷ ಕಾಯಬೇಕು. ಅದನ್ನು ಕಾಗದದಲ್ಲಿ ತಿಳಿಸಿದರೆ ಸಾಕು ಎಂದರು ಕಟ್ಟೆಯವರು. ಮನಸ್ಸು ಒಪ್ಪಲಿಲ್ಲ. ನಾಳೆ ಬೆಳಗ್ಗೆ ಬಿಡಾರಕ್ಕೆ ನಾನೇ ಹೋಗಿ, ಬಾಗಿಲಲ್ಲಿ ಕೂತು ಹೇಳುತ್ತೇನೆ. ಅವರು ಅದನ್ನು ತಮ್ಮ ಮಾತಿನಲ್ಲಿ ಹೇಗೆ ತಿರುಗಿ ಹೇಳುತ್ತಾರೋ, ಕೇಳಿಸಿಕೊಂಡು ಬರುತ್ತೇನೆ.

ನಿಮ್ಮ
ನೇಸರಾ