ಪೀಪಾಯಿ ಸುತ್ತುವಾಗ

ಜೂನ್ 6, ಸಂಜೆ

ಇವತ್ತೂ ಭಾವನ ಕುರ್ಚಿಯ ಪಕ್ಕ ತಾಲೀಮು. ಅವರ ಊರುಗೋಲೇ ಥ್ರಾಟಲ್, ಅಂದರೆ ದೋಣಿಯ ವೇಗದ ಹಿಡಿ. ಪ್ಲಾಸ್ಟರ್ ಹಾಕಿದ ಕಾಲು ಸ್ಟೂಲಿನ ಮೇಲೆ, ಎಂಜಿನ್ ಸದ್ದು ಅವರ ಬಾಯಲ್ಲಿ.

“ತಿರುವು ಬಂತು. ಏನ್ಮಾಡ್ತೀಯ, ಕವಿ?”

ಊರುಗೋಲು ಹಿಂದಕ್ಕೆ ಎಳೆದೆ.

“ಸತ್ರಿ. ಇಬ್ರೂ ನೀರಲ್ಲಿ. ತಿರುವಿನ ಮಧ್ಯ ವೇಗ ಕಿತ್ರೆ ಮೂತಿ ನೀರಿಗೆ ಕಚ್ಕೊಳ್ಳುತ್ತೆ, ಬಾಲ ಗಿರ್ರಂತ ಮುಂದೆ ಬರುತ್ತೆ. ಇಳಿಸೋದೆಲ್ಲ ಮೊದಲೇ ಇಳಿಸ್ಬೇಕು.”

ಪ್ರಾಸ ಕಟ್ಟಿಕೊಂಡೆ: ತಿರುವಿಗೆ ಮೊದಲು ಇಳಿಸು, ತಿರುವಿನೊಳಗೆ ಉಳಿಸು, ತಿರುವು ದಾಟಿ ಬೆಳೆಸು. ಕನ್ನಡ ಮಾಧ್ಯಮದ ಬಿ.ಎ. ಕೊನೆಗೂ ಉಪಯೋಗಕ್ಕೆ ಬಂತು. ಭಾವ ನಕ್ಕರು. ನಕ್ಕರೆ ಪಕ್ಕೆ ನೋಯುತ್ತದೆ, ಅದಕ್ಕೆ ಬೈದರು.

ಇವರ ದೋಣಿ ಕಾರ್ಖಾನೆಯಲ್ಲಿ ಕೂತಲ್ಲೇ ಕೂತು ಬಿಲ್ಲು ಬರೆದವನು ನಾನು. ಕಟ್ಟಿದ ಪ್ರತಿ ಸ್ಪೀಡ್ ಬೋಟನ್ನೂ ಪರೀಕ್ಷಕರ ಎದುರು ನೀರಲ್ಲಿ ತೇಲುವ ಮೂರು ಕೆಂಪು ಪೀಪಾಯಿ ಸುತ್ತಿಸಿ ತೋರಿಸಬೇಕು. ಅದು ಅಕ್ಕ-ಭಾವನ ಕೆಲಸ. ದಿಕ್ಕು ತಿರುಗಿಸುವ ಚಕ್ರ ಅಕ್ಕನದು, ಥ್ರಾಟಲ್ ಭಾವನದು. ಒಬ್ಬರದ್ದಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಕಳೆದ ತಿಂಗಳು ಮೂರನೇ ಪೀಪಾಯಿಯ ಹತ್ತಿರ ಭಾವ ಹೆದರಿ ವೇಗ ಕಿತ್ತರಂತೆ. ದೋಣಿ ಗಿರಕಿ ಹೊಡೆಯಿತು. ಅಕ್ಕನಿಗೆ ಗೀರು, ಭಾವನಿಗೆ ಕಾಲು, ಪಕ್ಕೆಲುಬು. ಈಗ ಆ ಸೀಟು ನನಗೆ.

“ಹೊರಗಿನವನ ಪಕ್ಕ ಕೂತು ನಾನು ಸಾಯಲ್ಲ” ಅಂದಳು ಅಕ್ಕ. ಒಳಗಿನವನಾದರೆ ಅಡ್ಡಿಯಿಲ್ಲವೇನೋ.

ಜೂನ್ 9

ನಿಜವಾದ ನೀರು. ಹೆಲ್ಮೆಟ್, ಲೈಫ್ ಜಾಕೆಟ್. ಎಂಜಿನ್ನಿಗೆ ಕಟ್ಟಿದ ಹಗ್ಗದ ಕೊಂಡಿ ಇಬ್ಬರ ತೊಡೆಗೂ. ಯಾರಾದರೂ ಹಾರಿ ಬಿದ್ದರೆ ಹಗ್ಗ ಕಿತ್ತು ಎಂಜಿನ್ ತಾನೇ ನಿಲ್ಲುತ್ತದೆ.

“ಎರಡು ಸಲ ಎಳೆದು ನೋಡ್ದೆ ಕಣೋ, ಬಿಗಿಯಾಗಿದೆ” ಅಂದಳು ಅಕ್ಕ.

“ಒಂದೇ ಸಲ ಎಳೆದಿದ್ರೆ ನೆಮ್ಮದಿಯಾಗಿರ್ತಿದ್ದೆ.”

ಮೊದಲನೆಯದು: ಇಳಿಸಿದೆ, ಉಳಿಸಿದೆ. ದೋಣಿ ವಾಲಿತು. ನೀರು ಕೆನ್ನೆಯ ಪಕ್ಕ ಗೋಡೆಯಂತೆ ಎದ್ದಿತು. ಬೆಳೆಸಲು ಮರೆತೆ. ಎರಡನೆಯದು ಪರವಾಗಿಲ್ಲ.

ಮೂರನೆಯದರ ಮಧ್ಯೆ ನನ್ನ ಕೈಮೇಲೆ ಏನೋ ತಣ್ಣಗೆ. ಅಕ್ಕನ ಎಡಗೈ. ಚಕ್ರ ಬಿಟ್ಟು ಬಂದು ನನ್ನನ್ನು ಹಿಡಿದಿತ್ತು. ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗ ಹಿಡಿಯುತ್ತಿದ್ದ ಹಾಗೆ. ದೋಣಿಯ ಹಿಂಭಾಗ ಜಾರಿತು... ಹೇಗೋ ದಾಟಿದೆವು.

ದಡದಲ್ಲಿ ಕೇಳಿದೆ — “ನನ್ನ ಕೈ ಯಾಕೆ ಹಿಡ್ಕೊಂಡೆ?”

“ನಾನಾ? ಎರಡೂ ಕೈ ಚಕ್ರದ ಮೇಲೇ ಇತ್ತಲ್ಲೋ.”

ತಮಾಷೆಯಲ್ಲ. ಅವಳಿಗೆ ಗೊತ್ತೇ ಇಲ್ಲ.

ಜೂನ್ 10

ಮತ್ತೆ ಮೂರನೆಯದರಲ್ಲೇ. ಮತ್ತೆ ಆ ಕೈ. ಇವತ್ತು ಭಾರ ಹೆಚ್ಚು. ನನ್ನ ತೋಳನ್ನು ಕಂಬದಂತೆ ಬಿಗಿ ಹಿಡಿದೆ. ದಡದಲ್ಲಿ ಅಕ್ಕನನ್ನು ಏನೂ ಕೇಳಲಿಲ್ಲ.

ಜೂನ್ 14

ಇಷ್ಟು ದಿನ ಬೆನ್ನುನೋವು ಅಂತ ಮಲಗಿದ್ದೆ. ಬೆನ್ನು ಬಹಳ ಚೆನ್ನಾಗಿದೆ. ಅಕ್ಕ ಕಾರ್ಖಾನೆಯಲ್ಲಿದ್ದಾಗ ಭಾವನಿಗೆ ಹೇಳಿಯೇಬಿಟ್ಟೆ.

ಭಾವ ಊರುಗೋಲು ಕೆಳಗಿಟ್ಟರು.

“ಎಡಗೈನಾ?”

“ಹೂಂ.”

“ನನಗೂ ಹಾಗೇ ಹಿಡಿದ್ಲು. ಆ ಭಾರಕ್ಕೇ ಥ್ರಾಟಲ್ ಹಿಂದೆ ಬಂದಿದ್ದು.”

“‘ನಾನೇ ಹೆದರಿ ಎಳೆದೆ’ ಅಂತ ನೀವೇ ಅಂದ್ರಲ್ಲ, ಎಲ್ಲರ ಹತ್ರ?”

“ಮತ್ತೇನು, ಹೆಂಡ್ತಿ ಕಾಲು ಮುರಿದ್ಲು ಅಂತ ಡಂಗುರ ಹೊಡೀಲಾ? ಅವತ್ತು ಅಡ್ಡ ಅಲೆ ಬಂದಿತ್ತು. ಅದೊಂದೇ ಸಲ ಅಂದ್ಕೊಂಡಿದ್ದೆ. ತಿಳಿದ್ರೆ ಅವಳು ಇನ್ನು ಚಕ್ರ ಮುಟ್ಟಲ್ಲ ಕಣೋ.”

“ತಿಳೀದಿದ್ರೆ ನಾವಿಬ್ರೂ ಇನ್ನೇನೂ ಮುಟ್ಟಲ್ಲ, ಭಾವ.”

ಇಬ್ಬರೂ ನಗಲಿಲ್ಲ. ಪರೀಕ್ಷಕರು ಶನಿವಾರ ಬರುತ್ತಾರೆ. ಹೇಳೋದು ನೀವಾ ನಾನಾ ಅಂತ ಕೇಳಿದೆ. ಭಾವ ಪ್ಲಾಸ್ಟರಿನೊಳಗೆ ಸ್ಕೇಲು ತೂರಿಸಿ ಬಹಳ ಶ್ರದ್ಧೆಯಿಂದ ಕೆರೆದುಕೊಳ್ಳತೊಡಗಿದರು. ಅಂದರೆ ನಾನು.

ಜೂನ್ 17

ಹೇಳಲಿಲ್ಲ.

ಜೂನ್ 18, ಶನಿವಾರ ಬೆಳಿಗ್ಗೆ

ಜೆಟ್ಟಿಯ ಬೆಂಚು. ಪರೀಕ್ಷಕರ ಕಾರು ಗೇಟಿನಲ್ಲಿ ಕಂಡ ಮೇಲೆ ನನ್ನ ನಾಲಿಗೆ ಹೊರಳಿತು. ಕೈಯ ವಿಷಯ, ಭಾವನ ಸುಳ್ಳು, ಎಲ್ಲ ಒಂದೇ ಉಸಿರಿಗೆ. ಅಕ್ಕ ತನ್ನ ಎಡಗೈಯನ್ನು ಯಾರೋ ಮರೆತುಹೋದ ಸಾಮಾನಿನ ಹಾಗೆ ನೋಡಿದಳು. ಆಮೇಲೆ ಗಂಡನಿಗೆ ಫೋನ್.

“ಸುಳ್ಳು ಹೇಳಿದ್ರಾ?... ಸರಿ. ಕಾಲು ಕೂಡಲಿ. ಆಮೇಲೆ ವಿಚಾರಿಸ್ಕೋತೀನಿ.”

ಫೋನ್ ಇಟ್ಟು ಮೂಗು ಒರೆಸಿಕೊಂಡಳು. ನೆಟ್ಟಗೆ ಪರೀಕ್ಷಕರ ಹತ್ತಿರ ಹೋದಳು.

“ಸರ್, ಇವತ್ತು ಆಗಲ್ಲ. ದೋಣಿ ಸರಿಯಿದೆ. ನಾನು ಸರಿಯಿಲ್ಲ.”

ಅವರು ಗಡಿಯಾರ ನೋಡಿದರು, ಅವಳನ್ನು ನೋಡಿದರು, ಮುಂದಿನ ವಾರ ಅಂದರು. ಎದೆ ಹಗುರಾಯಿತು. ಕಾರು ಗೇಟು ದಾಟುವವರೆಗೆ.

“ಏಳು, ಹೋಗೋಣ.”

“ಎಲ್ಲಿಗೆ?”

“ಮೂರನೇದಕ್ಕೆ. ನಿಧಾನಕ್ಕೆ ಶುರು ಮಾಡಿ ಸ್ವಲ್ಪ ಸ್ವಲ್ಪ ಏರಿಸೋಣ. ನನ್ನ ಕೈ ಬಂದ ಕ್ಷಣ ಕೂಗು. ಅದು ವಾಪಸ್ ಹೋಗೋವರೆಗೂ ಕೂಗ್ತಾನೇ ಇರು.”

“ಅಕ್ಕಾ, ನಂಗೆ ಭಯ.”

“ನಂಗೂ ಕಣೋ. ಅದಕ್ಕೇ ಹಿಡ್ಕೊಂಡಿದ್ದು ಅನ್ಸುತ್ತೆ.”

ದೋಣಿಗಿಳಿದು ಕೊಂಡಿ ಹಾಕಿಕೊಳ್ಳುತ್ತಿದ್ದಾಳೆ. ಗಾಳಿ ಎದ್ದಿದೆ. ನೀರು ನಿನ್ನೆಯ ಹಾಗೆ ನುಣ್ಣಗಿಲ್ಲ. ನನ್ನ ಅಕ್ಷರ ಸೊಟ್ಟಗಾಗುತ್ತಿದೆ, ಬೆಂಚಿನ ತಪ್ಪಲ್ಲ. ಏನಂತ ಕೂಗಲಿ? “ಕೈ” ಅಂದರೆ ಸಾಕಾ? ಎಂಜಿನ್ ಶುರು ಮಾಡಿದಳು. ಈ ಸದ್ದಿನಲ್ಲಿ ನನ್ನ ಕೂಗು ಅವಳಿಗೆ ಕೇಳದಿದ್ದರೆ... ಕರೆಯುತ್ತಿದ್ದಾಳೆ, ಹೊರಟೆ.